ನಲವತ್ತು ದಿನಗಳ ಸಿದ್ಧತೆ

ಮದ್ದೂರಿಗೆ ಅಂಟಿಕೊಂಡಂತಿರುವ ಶಿವಪುರದ ಹೆಸರು ನಾಡಿನ ಚರಿತ್ರೆಯಲ್ಲಿ ಉಳಿದಿರುವುದು ಒಂದು ಧ್ವಜದಿಂದ. 1938ರ ಏಪ್ರಿಲ್ ಎರಡನೆಯ ವಾರ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಅಲ್ಲಿ ಸೇರಿತ್ತು. ಧ್ವಜ ಹಾರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆ ಇತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ಧಲಿಂಗಯ್ಯನವರು ಆಜ್ಞೆಯನ್ನು ಮೀರಿ ಧ್ವಜ ಏರಿಸಿದರು. ಬಂಧನವನ್ನು ತಾವಾಗಿಯೇ ಒಪ್ಪಿಕೊಂಡರು. ಸುತ್ತಲಿನ ಹಳ್ಳಿಗಳಿಂದ ಬಂದು ನೆರೆದಿದ್ದ ಸಾವಿರಾರು ಜನರ ನಡುವೆ ನಡೆದ ಆ ಸತ್ಯಾಗ್ರಹದ ಬಲ ಇದ್ದುದು ಸಂಯಮದಲ್ಲಿ.

ಆ ವರ್ಷದ ಕ್ಯಾಲೆಂಡರ್ ತಿರುವಿದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಏಪ್ರಿಲ್ 10 ಕ್ರೈಸ್ತರಿಗೆ ಗರಿಗಳ ಭಾನುವಾರ. 17 ಈಸ್ಟರ್ ಹಬ್ಬ. ಅಂದರೆ ಶಿವಪುರದಲ್ಲಿ ಜನ ಸೇರಿದ ದಿನಗಳಲ್ಲೇ ಮೈಸೂರು ಸೀಮೆಯ ಇಗರ್ಜಿಗಳಲ್ಲಿ ತಪಸ್ಸು ಕಾಲದ ಕೊನೆಯ ವಾರ ಆರಂಭವಾಗಿತ್ತು. ಒಂದಕ್ಕೂ ಇನ್ನೊಂದಕ್ಕೂ ನೇರ ಸಂಬಂಧವಿಲ್ಲ, ನಿಜ. ಆದರೆ ಎರಡೂ ಒಂದೇ ಪಾಠ ಹೇಳುತ್ತವೆ. ದೊಡ್ಡ ದಿನ ಬಂದಾಗ ಬೇಕಾಗುವ ಸ್ಥೈರ್ಯ ಆ ದಿನವೇ ಹುಟ್ಟುವುದಿಲ್ಲ. ಅದನ್ನು ಯಾರೂ ನೋಡದ ಸಣ್ಣ ದಿನಗಳಲ್ಲಿ ಕೂಡಿಡಬೇಕು.

ಈಸ್ಟರ್ ಹಬ್ಬಕ್ಕೆ ಮುಂಚಿನ ಈ ವ್ರತದ ಕಾಲವನ್ನು ಇಂಗ್ಲಿಷಿನಲ್ಲಿ ಲೆಂಟ್ ಎನ್ನುತ್ತಾರೆ. ಕನ್ನಡದ ಕಥೋಲಿಕರು ಅದಕ್ಕೆ ತಪಸ್ಸು ಕಾಲ ಎಂಬ ಸೊಗಸಾದ ಹೆಸರಿಟ್ಟಿದ್ದಾರೆ. ಯೇಸುಸ್ವಾಮಿ ತಮ್ಮ ಬೋಧನೆಯನ್ನು ಆರಂಭಿಸುವ ಮೊದಲು ನಲವತ್ತು ದಿನ ಅಡವಿಯಲ್ಲಿ ಉಪವಾಸವಿದ್ದರು. ಅದರ ನೆನಪೇ ಈ ಕಾಲ. ಮೋಶೆ ಸೀನಾಯ್ ಬೆಟ್ಟದ ಮೇಲೆ ಇದ್ದುದೂ ನಲವತ್ತು ದಿನ. ಪ್ರವಾದಿ ಎಲೀಯ ಹೋರೇಬ್ ಬೆಟ್ಟಕ್ಕೆ ನಡೆದುದೂ ನಲವತ್ತು ದಿನ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ ಎಣಿಸಿದರೆ ನಲವತ್ತಾರು ದಿನಗಳಾಗುತ್ತವಲ್ಲ ಎಂದು ಲೆಕ್ಕದಲ್ಲಿ ಚುರುಕಾದ ಮಕ್ಕಳು ಕೇಳುವುದುಂಟು. ನಡುವೆ ಬರುವ ಆರು ಭಾನುವಾರಗಳನ್ನು ವ್ರತದ ಎಣಿಕೆಗೆ ಸೇರಿಸುವುದಿಲ್ಲ. ಭಾನುವಾರ ಯಾವಾಗಲೂ ಹಬ್ಬವೇ.

ಮೊದಲ ದಿನ ಹಣೆಗೆ ಬೂದಿ ಹಚ್ಚುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಜನ ಕೈಯಲ್ಲಿ ಹಿಡಿದ ಗರಿಗಳನ್ನೇ ಸುಟ್ಟು ಮಾಡಿದ ಬೂದಿ ಅದು. ಹೋದ ವರ್ಷದ ಜಯಘೋಷ ಈ ವರ್ಷದ ಒಂದು ಚಿಟಿಕೆ ಧೂಳು! ಶ್ರೀಮಂತ, ಬಡವ, ಮೊದಲ ದರ್ಜೆಯವನು, ನಪಾಸಾದವನು, ಎಲ್ಲರ ಹಣೆಯ ಮೇಲೂ ಅದೇ ಬೂದಿ. ಮನುಷ್ಯ ಮಣ್ಣಿನಿಂದ ಬಂದವನು, ಮಣ್ಣಿಗೇ ಹೋಗುವವನು ಎಂಬ ಎಚ್ಚರ ಅದು.

ಈ ಕಾಲ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಬರುತ್ತದೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಪರೀಕ್ಷೆಯ ಕಾಲವೂ ಅದೇ. ಹಾಗಾಗಿ ಅನೇಕ ಮನೆಗಳಲ್ಲಿ ಎರಡೂ ಬೆರೆತುಹೋಗುತ್ತವೆ. ಮಗ ಪಾಸಾಗಲೆಂದು ತಾಯಿ ಉಪವಾಸ ಹಿಡಿಯುತ್ತಾಳೆ. ಒಳ್ಳೆಯ ಅಂಕ ಬರಲೆಂದು ಮಗಳು ಬೆಳಗಿನ ತಿಂಡಿ ಬಿಡುತ್ತಾಳೆ. ಭಕ್ತಿ ದೊಡ್ಡದೇ. ಆದರೆ ಇಷ್ಟು ಹಸಿವಿಗೆ ಇಷ್ಟು ಅಂಕ ಎಂದು ದೇವರೊಡನೆ ಚೌಕಾಸಿಗೆ ಇಳಿದರೆ ಅದು ವ್ರತವಾಗದೆ ವ್ಯಾಪಾರವಾಗುತ್ತದೆ. ಫಲಿತಾಂಶ ಕೈಕೊಟ್ಟ ದಿನ ಆ ಮಗುವಿನ ಮನಸ್ಸಿನಲ್ಲಿ ಎರಡು ನಂಬಿಕೆಗಳು ಒಟ್ಟಿಗೆ ಕುಸಿಯುತ್ತವೆ: ತನ್ನ ಮೇಲಿನದು, ದೇವರ ಮೇಲಿನದು. ಹಿರಿಯರು ಈ ಅಪಾಯವನ್ನು ಮೊದಲೇ ಅರಿತಿರಬೇಕು.

ಚರ್ಚಿನ ನಿಯಮವೂ ಮಕ್ಕಳ ವಿಷಯದಲ್ಲಿ ಮೃದುವಾಗಿದೆ. ಕಥೋಲಿಕ ಚರ್ಚಿನ 1983ರ ಧರ್ಮಸಂಹಿತೆಯ ಪ್ರಕಾರ ಕಡ್ಡಾಯ ಉಪವಾಸದ ದಿನಗಳು ಎರಡೇ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ ಹದಿನೆಂಟು ತುಂಬಿದವರಿಗೆ ಮಾತ್ರ. ಅರುವತ್ತಕ್ಕೆ ಕಾಲಿಡುವ ಹಿರಿಯರಿಗೆ ವಿನಾಯಿತಿ. ಮಾಂಸ ವರ್ಜನೆಯ ನಿಯಮ ಹದಿನಾಲ್ಕು ತುಂಬಿದ ಮೇಲೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇದನ್ನು ಹೆಚ್ಚಾಗಿ ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದಾರೆ. ಹೀಗಿರುವಾಗ ಬೆಳೆಯುವ ಹುಡುಗನೊಬ್ಬ ಬರಿಹೊಟ್ಟೆಯಲ್ಲಿ ಗಣಿತದ ಪರೀಕ್ಷೆಗೆ ಕುಳಿತು ತಲೆಸುತ್ತಿ ಬೀಳಬೇಕೆಂದು ಯಾವ ಧರ್ಮವೂ ಕೇಳುವುದಿಲ್ಲ. ಅವನು ಹೊಟ್ಟೆ ತುಂಬ ಮುದ್ದೆ ಉಂಡು, ಚೆನ್ನಾಗಿ ನಿದ್ದೆ ಮಾಡಿ, ಮನಸ್ಸಿಟ್ಟು ಓದಿದರೆ ಅದೇ ಅವನ ತಪಸ್ಸು.

ಹಾಗಾದರೆ ಬಿಡಬೇಕಾದದ್ದು ಏನು? ಸಂಪ್ರದಾಯ ಈ ಕಾಲಕ್ಕೆ ಮೂರು ಕೆಲಸಗಳನ್ನು ಹೇಳಿದೆ: ಪ್ರಾರ್ಥನೆ, ಉಪವಾಸ, ದಾನ. ಈ ಮೂರೂ ಒಲೆಯ ಮೂರು ಗುಂಡುಗಳಂತೆ. ಒಂದು ಜಾರಿದರೂ ಪಾತ್ರೆ ನಿಲ್ಲುವುದಿಲ್ಲ. ಉಪವಾಸದಿಂದ ಉಳಿದ ತುತ್ತು ಹಸಿದವನನ್ನು ತಲುಪದಿದ್ದರೆ ಅದು ಬರಿಯ ಉಳಿತಾಯ. ಪ್ರವಾದಿ ಯೆಶಾಯನ ಗ್ರಂಥದ ಐವತ್ತೆಂಟನೆಯ ಅಧ್ಯಾಯ ಇದನ್ನು ಖಾರವಾಗಿಯೇ ಹೇಳುತ್ತದೆ. ಒಂದು ಕಡೆ ಉಪವಾಸ, ಇನ್ನೊಂದು ಕಡೆ ಕೂಲಿಯವನ ಮೇಲೆ ದಬ್ಬಾಳಿಕೆ, ಮನೆಯಲ್ಲಿ ಜಗಳ ನಡೆದರೆ ಅಂಥ ಉಪವಾಸ ದೇವರಿಗೆ ಬೇಡ ಎನ್ನುವುದು ಅಲ್ಲಿನ ತಾತ್ಪರ್ಯ.

ಈ ಮಾತಿಗೆ ಮಂಡ್ಯ ಸೀಮೆಯಲ್ಲೇ ಒಂದು ನಿದರ್ಶನವಿದೆ. ಫ್ರಾನ್ಸಿನಿಂದ ಬಂದ ಅಬ್ಬೆ ದುಬ್ವಾ ಎಂಬ ಪಾದ್ರಿ 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಕಡೆ ಬಂದರು. ಇಲ್ಲಿನವರಂತೆಯೇ ಉಟ್ಟು, ಇಲ್ಲಿನವರಂತೆಯೇ ಉಂಡು ಬಾಳಿದರು. ಗಂಜಾಮಿನ ಇಗರ್ಜಿ ಇಂದಿಗೂ ಅವರ ನೆನಪನ್ನು ಹೊತ್ತು ನಿಂತಿದೆ. ಅವರ ವಿರಕ್ತಿ ಊಟ ಉಡುಪಿಗೇ ನಿಲ್ಲಲಿಲ್ಲ. ಸಿಡುಬು ಊರೂರನ್ನೇ ಬಲಿ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, ಆಗಷ್ಟೇ ಬಂದಿದ್ದ ಲಸಿಕೆಯನ್ನು ಸಾವಿರಾರು ಜನರಿಗೆ ತಲುಪಿಸಲು ಅವರು ಶ್ರಮಿಸಿದರು. ಇಲ್ಲಿನವರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಎಲ್ಲವನ್ನೂ ಇಂದು ಒಪ್ಪಬೇಕಾಗಿಲ್ಲ. ಆದರೆ ತಾನು ಬಿಟ್ಟದ್ದು ಪರರಿಗೆ ದಕ್ಕಬೇಕೆಂಬ ಮಾತಿಗೆ ಆ ಲಸಿಕೆಯ ಕೆಲಸವೇ ಸಾಕ್ಷಿ.

ವಿದ್ಯಾರ್ಥಿಗಳಿಗೆ ಇಷ್ಟು ದೊಡ್ಡದು ಬೇಕಿಲ್ಲ. ಮೊಬೈಲ್ ಫೋನನ್ನು ರಾತ್ರಿ ಊಟದ ನಂತರ ಮುಟ್ಟದಿರುವುದು ಒಂದು ವ್ರತ. ಬೇಕರಿ ತಿಂಡಿಯ ದುಡ್ಡನ್ನು ಡಬ್ಬಿಗೆ ಹಾಕಿ, ಪುಸ್ತಕ ಕೊಳ್ಳಲಾಗದ ಸಹಪಾಠಿಗೆ ನೆರವಾಗುವುದು ಇನ್ನೊಂದು. ಮಾತು ಬಿಟ್ಟ ಗೆಳೆಯನ ಮನೆಗೆ ತಾನಾಗಿ ಹೋಗುವುದು ಎಲ್ಲಕ್ಕಿಂತ ಕಷ್ಟದ್ದು. ತನಗೆ ಬರುವ ಪಾಠವನ್ನು ಹಿಂದಿನ ಬೆಂಚಿನವನಿಗೆ ಹೇಳಿಕೊಡುವುದೂ ದಾನವೇ. ಒಂದೇ ಸಾಕು, ಆದರೆ ನಲವತ್ತು ದಿನ ತಪ್ಪಬಾರದು. ನಡುವೆ ತಪ್ಪಿದರೆ ಮರುದಿನ ಮತ್ತೆ ಆರಂಭಿಸಿದರಾಯಿತು. ಬಿದ್ದು ಏಳುವುದನ್ನು ಕಲಿಯುವುದಕ್ಕೇ ಈ ಕಾಲ ಇರುವುದು.

ತಂದೆ ತಾಯಿಗಳಿಗೂ ಪಾಲಿದೆ. ಮಗುವಿಗೆ ಟಿ.ವಿ. ಬೇಡವೆಂದು ತಾವು ಧಾರಾವಾಹಿ ನೋಡುವುದು ಸಲ್ಲದು. ಅವರು ಬಿಡಬಹುದಾದ ದೊಡ್ಡ ವಸ್ತು ಬಹುಶಃ ಹೋಲಿಕೆ. ಪಕ್ಕದ ಮನೆಯ ಹುಡುಗನ ಅಂಕಗಳನ್ನು ನಲವತ್ತು ದಿನ ಎತ್ತದಿದ್ದರೆ ಆ ಮನೆಯ ಗಾಳಿಯೇ ಹಗುರವಾದೀತು.

ಇನ್ನೊಂದು ಎಚ್ಚರ. ಉಪವಾಸ ಮಾಡುವಾಗ ಮುಖ ತೊಳೆದು, ತಲೆಗೆ ಎಣ್ಣೆ ಹಚ್ಚಿಕೊಂಡು, ಯಾರಿಗೂ ತಿಳಿಯದಂತೆ ಇರಬೇಕೆಂದು ಯೇಸುಸ್ವಾಮಿ ಕಲಿಸಿದ್ದು ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿದೆ. ಶಿವರಾತ್ರಿಯ ಜಾಗರಣೆ, ಏಕಾದಶಿಯ ಉಪವಾಸ, ರಂಜಾನಿನ ರೋಜಾ ಕಂಡು ಬೆಳೆದ ನಮ್ಮ ಮಕ್ಕಳಿಗೆ ಇದು ಹೊಸ ಮಾತಲ್ಲ. ತೋರಿಕೆಗೆ ಮಾಡಿದ ವ್ರತ ತೋರಿಕೆಯಲ್ಲೇ ಮುಗಿಯುತ್ತದೆ.

ಶುಭ ಶುಕ್ರವಾರದ ಸಂಜೆ ಎಲ್ಲವೂ ಸೋತಂತೆ ಕಾಣುತ್ತದೆ. ಮರುದಿನ ಇಗರ್ಜಿಯಲ್ಲಿ ಘಂಟೆಯ ಸದ್ದಿಲ್ಲ. ಆದರೆ ಆ ಮೌನದಲ್ಲೂ ಕಾಯಬಲ್ಲವರಿಗೆ ಭಾನುವಾರದ ಬೆಳಗು ಬರುತ್ತದೆ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾದಿರುವ ಮಗುವಿಗೆ, ಅಂಕ ಎಷ್ಟೇ ಬರಲಿ, ಮನೆಯ ಬಾಗಿಲು ತೆರೆದೇ ಇರುತ್ತದೆ ಎಂಬ ಭರವಸೆ ಕೊಡಬೇಕು. ಆ ಭರವಸೆಯನ್ನೂ ಫಲಿತಾಂಶದ ದಿನ ಹೊಸದಾಗಿ ಕಟ್ಟಲಾಗದು. ಈ ನಲವತ್ತು ದಿನಗಳಲ್ಲೇ ಕಟ್ಟಬೇಕು.