ಕಿಸೆಯ ಪ್ರೊಜೆಕ್ಟರ್: ಬೆಳಕಿನ ಅಳತೆ ಕೇಳಿ ಕೊಳ್ಳೋಣ



ಗೋಡೆಯ ಮೇಲೆ ಚಿತ್ರ ಬೀಳಿಸುವ ಪ್ರೊಜೆಕ್ಟರನ್ನು ಮೊಬೈಲಿನ ಹೊಟ್ಟೆಯೊಳಗೂ ಕೂರಿಸಬಹುದು. ನೂರು ಸೀರೆ ಬಿಚ್ಚಿ ಹಾಸುವ ಬದಲು ಗೋಡೆಯ ಮೇಲೆಯೇ ತೋರಿಸಿದರಾಯಿತಲ್ಲ ಎಂದು ಬಟ್ಟೆ ವ್ಯಾಪಾರಿಗೆ ಅನಿಸುವುದು ಸಹಜ. ಹಣ ಕೊಡುವ ಮೊದಲು ಇದರ ರಚನೆಯನ್ನು ತುಸು ತಿಳಿಯೋಣ.

1987ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ ಅವರು ಒಂದು ಚಿಪ್ ಕಂಡುಹಿಡಿದರು. ಅದರ ಮೇಲೆ ಕೂದಲೆಳೆಗಿಂತ ಸಣ್ಣ ಕನ್ನಡಿಗಳು ಸಾಲುಸಾಲಾಗಿ ಇರುತ್ತವೆ. ಕನ್ನಡಿ ಲೆನ್ಸಿನ ಕಡೆಗೆ ವಾಲಿದರೆ ಬೆಳಕಿನ ಚುಕ್ಕೆ, ಬೇರೆ ಕಡೆಗೆ ವಾಲಿದರೆ ಕಪ್ಪು ಚುಕ್ಕೆ. ಕೆಂಪು, ಹಸಿರು, ನೀಲಿ ಎಲ್‌ಇಡಿ ದೀಪಗಳು ಒಂದಾದ ಮೇಲೊಂದು ಅತಿ ವೇಗದಲ್ಲಿ ಬೆಳಗುತ್ತವೆ. ನಮ್ಮ ಕಣ್ಣು ಅವನ್ನು ಕೂಡಿಸಿ ಪೂರ್ಣ ಬಣ್ಣ ಕಾಣುತ್ತದೆ. ಕಿಸೆಯ ಪ್ರೊಜೆಕ್ಟರುಗಳಲ್ಲಿ ಹಲವು ಇದೇ ತತ್ವದವು.

2009ರಲ್ಲಿ ನಿಕಾನ್ ಕಂಪನಿ ಪ್ರೊಜೆಕ್ಟರ್ ಇರುವ ಕ್ಯಾಮೆರಾ ತಂದಿತು. ಅದರ ಬೆಳಕು 10 ಲುಮೆನ್. 2012ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ಬೀಮ್ ಮೊಬೈಲ್ ಬಂತು. ಅದರದು 15 ಲುಮೆನ್. ಚಿತ್ರ 50 ಇಂಚಿನವರೆಗೆ.

ಇಲ್ಲಿಯೇ ನಾವು ಲೆಕ್ಕ ಹಾಕಬೇಕು. ಒಂದು ಸೇರು ಹಾಲಿಗೆ ಮೂರು ಸೇರು ನೀರು ಬೆರೆಸಿದರೆ ಪಾತ್ರೆ ತುಂಬೀತು, ಹಾಲು ಹೆಚ್ಚಾಗದು. ಚಿತ್ರದ ಅಗಲ, ಎತ್ತರ ಎರಡೂ ಇಮ್ಮಡಿಯಾದರೆ ಕ್ಷೇತ್ರ ನಾಲ್ಕು ಪಟ್ಟು; ಬೆಳಕು ಕಾಲು ಭಾಗ. 15 ಲುಮೆನ್ 50 ಇಂಚಿಗೆ ಹರಡಿದರೆ ಸುಮಾರು 22 ಲಕ್ಸ್ ಮಾತ್ರ ಉಳಿಯುತ್ತದೆ. ಕಚೇರಿಯ ಮೇಜಿನ ಮೇಲೆ ಸಾಮಾನ್ಯವಾಗಿ 300ರಿಂದ 500 ಲಕ್ಸ್ ಬೆಳಕಿರುತ್ತದೆ. ಹೀಗಿರುವಾಗ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸೀರೆಯ ಬಣ್ಣ ಮಾಸಿ ಕಾಣದಿದ್ದೀತೆ? ಮಾಸಿದ ಬಣ್ಣ ನೋಡಿ ಕೊಂಡ ಗಿರಾಕಿ ಮರುದಿನ ಮಾಲು ಹಿಂದಿರುಗಿಸಿದರೆ ಕೆಡುವುದು ಅಂಗಡಿಯ ಮಾತು.

ದೊಡ್ಡ ದೀಪ ಯಾಕೆ ಹಾಕಬಾರದು? ದೀಪಕ್ಕೆ ಹೋದ ವಿದ್ಯುತ್ತಿನ ಹೆಚ್ಚಿನ ಪಾಲು ಶಾಖವಾಗುತ್ತದೆ. ತೆಳ್ಳಗಿನ ಮೊಬೈಲಿನಲ್ಲಿ ಫ್ಯಾನಿಗೆ ಜಾಗವಿಲ್ಲ; ಬ್ಯಾಟರಿಯೂ ಬೇಗ ಬರಿದಾಗುತ್ತದೆ. 2016ರಲ್ಲಿ ಮೊಟೊರೊಲಾ ಕಂಪನಿ ಪ್ರೊಜೆಕ್ಟರನ್ನು ಒಳಗೆ ತುರುಕದೆ, ಸ್ವಂತ ಬ್ಯಾಟರಿಯುಳ್ಳ ಬೇರೆ ತುಣುಕಾಗಿ ಮಾಡಿ ಮೊಬೈಲಿನ ಬೆನ್ನಿಗೆ ಅಂಟಿಸಿತು. ಬೆಳಕು 50 ಲುಮೆನ್‌ಗೆ ಏರಿತು.

ತೂಕದ ಕಲ್ಲು ಸರಿಯಿದೆಯೇ ಎಂದು ನೋಡುವ ನಾವು ಇಲ್ಲಿಯೂ ಅಳತೆ ಕೇಳೋಣ. ಪೆಟ್ಟಿಗೆಯ ಮೇಲೆ ಸಾವಿರಾರು ಲುಮೆನ್ ಎಂದು ಅಚ್ಚಾಗಿದ್ದರೆ ಸಾಲದು. ಪರದೆಯ ಒಂಬತ್ತು ಕಡೆ ಅಳೆದು ಸರಾಸರಿ ತೆಗೆದ ‘ಆನ್ಸಿ ಲುಮೆನ್’ ಎಷ್ಟು? ಪೂರ್ಣ ಬೆಳಕಿನಲ್ಲಿ ಬ್ಯಾಟರಿ ಎಷ್ಟು ಹೊತ್ತು ನಡೆಯುತ್ತದೆ? ನಮ್ಮ ಅಂಗಡಿಯ ದೀಪದಲ್ಲೇ ಹಚ್ಚಿ ತೋರಿಸುವರೆ? ಕತ್ತಲೆ ಕೋಣೆಯಲ್ಲಿ ಮಕ್ಕಳಿಗೆ ಚಿತ್ರ ತೋರಿಸಲು ಈ ಸಣ್ಣ ಯಂತ್ರ ಸಾಕು. ಆದರೆ ಬಣ್ಣ ನೋಡಿ ಕೊಳ್ಳುವ ಗಿರಾಕಿಗೆ ಸೀರೆಯನ್ನೇ ಬಿಚ್ಚಿ ತೋರಿಸುವುದು ಮೇಲು.