ಮೇಲಧಿಕಾರಿಯ ರುಜು ಬೇಡದ ಲೆಕ್ಕ

ನಿವೃತ್ತನಾದ ಮೂರನೆಯ ವರ್ಷ ಕಡೂರು ತಾಲ್ಲೂಕಿನ ದೇವನೂರಿಗೆ ಹೋಗಿದ್ದೆ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ನಾಡು ಗುರುತಿಸುವ ಗ್ರಾಮವದು. ದೇವಸ್ಥಾನದ ಜಗಲಿಯಲ್ಲಿ ಕುಳಿತಾಗ, ಬಾಲ್ಯದಲ್ಲಿ ಗಮಕ ವಾಚನದಲ್ಲಿ ಕೇಳಿದ್ದ ಬಭ್ರುವಾಹನನ ಪ್ರಸಂಗ ನೆನಪಾಯಿತು.

ಯಾಗದ ಕುದುರೆಯನ್ನು ಕಟ್ಟಿದ ಆ ಅರಸ, ಅದರ ಬೆಂಗಾವಲಿಗೆ ಬಂದ ಅರ್ಜುನ ತನ್ನ ತಂದೆಯೆಂದು ತಾಯಿಯಿಂದ ತಿಳಿದೊಡನೆ ಕಾಣಿಕೆಗಳೊಂದಿಗೆ ಹೋಗಿ ಕಾಲಿಗೆರಗುತ್ತಾನೆ. ಅರ್ಜುನ ಅವನನ್ನು ಒದ್ದು, ತನ್ನ ಮಗನೇ ಅಲ್ಲವೆಂದು ಹೀಗಳೆಯುತ್ತಾನೆ. ಅವಮಾನಿತನಾದ ಮಗ ಯುದ್ಧಕ್ಕೆ ನಿಂತು ತಂದೆಯ ತಲೆಯನ್ನೇ ಉರುಳಿಸುತ್ತಾನೆ. ಪರಾಕ್ರಮವೇನೋ ಸಾಬೀತಾಯಿತು, ಆದರೆ ಮಗನೆಂದು ಒಪ್ಪಬೇಕಾದ ಬಾಯಿಯೇ ಮುಚ್ಚಿಹೋಗಿತ್ತು. ಕಾವ್ಯದಲ್ಲಿ ನಾಗಲೋಕದ ಮಣಿಯಿಂದ, ಕೃಷ್ಣನ ಕೃಪೆಯಿಂದ ಅರ್ಜುನ ಮರಳಿ ಎದ್ದು ಕೂರುತ್ತಾನೆ. ನಮ್ಮ ನಿಮ್ಮ ಬದುಕಿನಲ್ಲಿ ಆ ಮಣಿ ಎಲ್ಲಿಂದ ಬರಬೇಕು?

ನನಗೆ ಈ ಕಥೆ ತಟ್ಟಲು ಕಾರಣವಿದೆ. ಸೇವೆಯ ಕೊನೆಯ ವರ್ಷಗಳಲ್ಲಿ ಸಲ್ಲಬೇಕಾಗಿದ್ದ ಬಡ್ತಿಯೊಂದು ಕೈತಪ್ಪಿತು. ಮನವಿ, ಮೇಲ್ಮನವಿಗಳಲ್ಲಿ ಏಳು ವರ್ಷ ಕಳೆದವು. ತೀರ್ಪು ನನ್ನ ಪರವಾಗಿ ಬರುವಷ್ಟರಲ್ಲಿ ನಿವೃತ್ತನಾಗಿ ಎರಡು ವರ್ಷವಾಗಿತ್ತು. ಆದೇಶವನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನನಗೆ ಬೇಕಿದ್ದದ್ದು ಹಿಂಬಾಕಿಯ ಹಣವಲ್ಲ, ‘ನೀನು ಯೋಗ್ಯ’ ಎಂಬ ಮಾತು. ಅದನ್ನು ಹೇಳಬೇಕಿದ್ದವರು ಆಗಲೇ ಮನೆ ಸೇರಿದ್ದರು. ಅದೇ ಏಳು ವರ್ಷಗಳಲ್ಲಿ ಮಗಳು ಕಾಲೇಜು ಮುಗಿಸಿ, ಮದುವೆಯಾಗಿ, ಬೇರೆ ಊರಿಗೆ ಹೋಗಿದ್ದಳು. ಅರ್ಥಶಾಸ್ತ್ರದಲ್ಲಿ ಇದನ್ನು ಅವಕಾಶ ವೆಚ್ಚ ಎನ್ನುತ್ತೇವೆ: ಒಂದನ್ನು ಆರಿಸಿಕೊಂಡಾಗ ಕಳೆದುಕೊಂಡ ಇನ್ನೊಂದರ ಬೆಲೆ.

ತನ್ನನ್ನು ತಾನು ಒಪ್ಪಿಕೊಳ್ಳುವುದೆಂದರೆ ಅನ್ಯಾಯಕ್ಕೆ ತಲೆಬಾಗುವುದಲ್ಲ. ಹಕ್ಕಿಗಾಗಿ ಅರ್ಜಿ ಹಾಕಲೇಬೇಕು. ಆದರೆ ತನ್ನ ಯೋಗ್ಯತೆಯನ್ನು ಆ ಅರ್ಜಿಯ ಜೊತೆ ಲಗತ್ತಿಸಿ ಕಳುಹಿಸಬಾರದು. ಅಂಕಪಟ್ಟಿ ಹಿಡಿದು ತಂದೆಯ ಮುಖ ನೋಡುತ್ತಾ ನಿಲ್ಲುವ ಹುಡುಗನಿಗೂ ಈ ಮಾತು ಸಲ್ಲುತ್ತದೆ. ಆ ತಂದೆಗೆ ಇನ್ನೂ ಹೆಚ್ಚು.

ತನ್ನ ದೋಷಗಳಿಗೆ ಕಣ್ಣು ಮುಚ್ಚುವುದೂ ಸ್ವೀಕಾರವಲ್ಲ. ಊರಿಗೆ ಮರಳಿ ಆ ಕಡತವನ್ನು ಅಟ್ಟಕ್ಕೇರಿಸಿ, ಒಂದು ಹಾಳೆಯಲ್ಲಿ ನನ್ನ ಲೆಕ್ಕ ಬರೆದೆ. ವಿಧವಾ ವೇತನದ ಅರ್ಜಿಗಳನ್ನು ತಡಮಾಡದೆ ವಿಲೇವಾರಿ ಮಾಡಿದ್ದು ಒಂದು ಕಡೆ. ಎದುರು ಕೈಮುಗಿದು ನಿಂತ ರೈತನನ್ನು ಗದರಿ ಕಳುಹಿಸಿದ್ದು, ಮಗಳ ಮಾತಿಗೆ ಕಿವಿಗೊಡದಿದ್ದುದು ಇನ್ನೊಂದು ಕಡೆ. ಎರಡೂ ನಾನೇ. ಆ ಹಾಳೆಗೆ ಮೇಲಧಿಕಾರಿಯ ರುಜು ಬೇಕೆನಿಸಲಿಲ್ಲ. ಬರೆದು ಮುಗಿಸಿದ ಮೇಲೆ ಮಗಳಿಗೆ ಫೋನ್ ಮಾಡಿದೆ.