ತೂಕ ಇಳಿಸೋ ಪುಡಿ ತಿನ್ನೋ ಮುಂಚೆ ಡಬ್ಬಿ ತಿರುಗಿಸಿ ನೋಡಿ

ನರೇಗಾ ಸುದ್ದಿಗೆಂದು ಒಂದು ಹಳ್ಳಿಗೆ ಹೋಗಿದ್ದೆವು. ಟೀ ಕೊಟ್ಟ ಅಕ್ಕ ಮಾತಿನ ಮಧ್ಯೆ ಒಂದು ಡಬ್ಬಿ ತಂದು ತೋರಿಸಿದರು. ‘ಈ ಪುಡಿ ತಗೊಂಡ್ರೆ ಹಸಿವೇ ಆಗಲ್ಲ. ತೂಕ ಇಳೀತಿದೆ. ಆದ್ರೆ ಎದೆ ಡವಡವ ಅಂತದೆ, ರಾತ್ರಿ ನಿದ್ದೆ ಬರಲ್ಲ’ ಅಂದರು. ಅವರಿಗೆ ಮೊದಲೇ ಬಿಪಿ ಇದೆ.

ಡಬ್ಬಿ ಮೇಲೆ ‘ಶುದ್ಧ ಗಿಡಮೂಲಿಕೆ’ ಅಂತಿತ್ತು. ತಯಾರಿಸಿದವರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಯಾವುದೂ ಇರಲಿಲ್ಲ. ವಾಟ್ಸಾಪ್‌ನಲ್ಲಿ ನೋಡಿ ತರಿಸಿದ್ದಂತೆ.

ಅದರೊಳಗೆ ಏನಿದೆ ಅನ್ನೋದನ್ನು ಲ್ಯಾಬೇ ಹೇಳಬೇಕು. ಆದರೆ ಅಕ್ಕ ಹೇಳಿದ ತೊಂದರೆ ಕೇಳಿದಾಗ ನಮಗೆ ಒಂದು ಹಳೇ ಔಷಧದ ನೆನಪಾಯಿತು. ಅದರ ಹೆಸರು ಸಿಬುಟ್ರಮೈನ್.

ಒಂದು ಕಾಲದಲ್ಲಿ ತೂಕ ಇಳಿಸಲು ಡಾಕ್ಟರುಗಳೇ ಇದನ್ನು ಬರೆದುಕೊಡುತ್ತಿದ್ದರು. ಹಸಿವು ಅಡಗಿಸುತ್ತಿತ್ತು, ಜೊತೆಗೆ ಬಿಪಿ, ನಾಡಿಬಡಿತ ಏರಿಸುತ್ತಿತ್ತು. ಸುಮಾರು 10,000 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಹೃದ್ರೋಗ ಇದ್ದವರಿಗೆ ಹೃದಯಾಘಾತ, ಲಕ್ವದ ಅಪಾಯ ಹೆಚ್ಚುತ್ತದೆ ಅಂತ ಗೊತ್ತಾಯಿತು. 2010ರಲ್ಲಿ ಯುರೋಪ್, ಅಮೆರಿಕದಲ್ಲಿ ಮಾರಾಟ ನಿಂತಿತು. 2011ರ ಫೆಬ್ರವರಿಯಲ್ಲಿ ಭಾರತ ಸರ್ಕಾರವೂ ನಿಷೇಧಿಸಿತು. ಹೃದಯದ ಕವಾಟ ಕೆಡಿಸಿದ ಫೆನ್‌ಫ್ಲುರಮೈನ್, ಮನಸ್ಸು ಕುಗ್ಗಿಸಿದ ರಿಮೊನಬಾಂಟ್ ಕೂಡ ತೂಕದ ಮಾತ್ರೆಗಳಾಗಿ ನಿಷೇಧವಾದವೇ.

ಹಳೇ ಔಷಧಗಳಲ್ಲಿ ಈಗಲೂ ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಕಾನೂನುಬದ್ಧವಾಗಿ ಸಿಗೋದು ಆರ್ಲಿಸ್ಟಾಟ್. ಅದಕ್ಕೂ ಡಾಕ್ಟರ ಚೀಟಿ ಬೇಕು. ಊಟದ ಕೊಬ್ಬಿನಲ್ಲಿ ಸುಮಾರು ಶೇ. 30ರಷ್ಟು ಮೈಗೆ ಸೇರದಂತೆ ತಡೆಯುತ್ತದೆ. ಎಣ್ಣೆಯಂಥ ಭೇದಿ ಆಗಬಹುದು, ಕೆಲವು ವಿಟಮಿನ್ ಕಡಿಮೆಯಾಗಬಹುದು. ಊಟದಲ್ಲಿ ಹಿಡಿತ ಇಲ್ಲದಿದ್ದರೆ ದೊಡ್ಡ ಲಾಭವೂ ಇಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ನಿಷೇಧವಾದ ಮಾತ್ರೆ ಅಂಗಡಿಯಿಂದ ಹೋಯಿತು ನಿಜ. ಆದರೆ ಅದೇ ರಾಸಾಯನಿಕವನ್ನು ಕದ್ದು ಬೆರೆಸಿ ‘ಗಿಡಮೂಲಿಕೆ’ ಹೆಸರಲ್ಲಿ ಮಾರುವುದು ನಿಂತಿಲ್ಲ. ಅಮೆರಿಕದ ಎಫ್‌ಡಿಎ ಇಂಥ ಎಷ್ಟೋ ಉತ್ಪನ್ನಗಳಲ್ಲಿ ಸಿಬುಟ್ರಮೈನ್ ಪತ್ತೆಹಚ್ಚಿದೆ. ದೆಹಲಿಯ ಗೆಜೆಟ್ ನಮ್ಮ ಹಳ್ಳಿಗೆ ಬರಲ್ಲ, ಕೊರಿಯರ್ ಡಬ್ಬಿ ಮಾತ್ರ ಬರುತ್ತದೆ.

ಇದರಲ್ಲಿ ಅಕ್ಕನ ತಪ್ಪು ಕಾಣುವುದಿಲ್ಲ. ಆಸ್ಪತ್ರೆಯಲ್ಲಿ ‘ತೂಕ ಇಳಿಸಮ್ಮಾ’ ಅಂದರಂತೆ, ಹೇಗೆ ಅಂತ ಕೂರಿಸಿ ಹೇಳಿದವರಿಲ್ಲ. ಆ ಜಾಗಕ್ಕೆ ವಾಟ್ಸಾಪ್ ಬಂತು. ಹಾಗಾಗಿ ನಮ್ಮ ಒತ್ತಾಯ ಇಷ್ಟೇ: ನಿಷೇಧಿತ ಔಷಧಗಳ ಪಟ್ಟಿ ಕನ್ನಡದಲ್ಲಿ ಪಂಚಾಯ್ತಿ, ಆರೋಗ್ಯ ಕೇಂದ್ರದ ಗೋಡೆಗೆ ಬರಲಿ. ಔಷಧ ಪರಿವೀಕ್ಷಕರು ಮೆಡಿಕಲ್ ಸ್ಟೋರಿನ ಜೊತೆ ಇಂಥ ಪುಡಿಗಳ ಸ್ಯಾಂಪಲ್ಲನ್ನೂ ಲ್ಯಾಬಿಗೆ ಕಳಿಸಲಿ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ತಿರುಗಿಸಿ ನೋಡಿ. ಆಯುರ್ವೇದ ಔಷಧವಾದರೂ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇರಲೇಬೇಕು. ಇಲ್ಲವೆಂದರೆ ತಿನ್ನುವುದು ನಿಲ್ಲಿಸಿ. ಎದೆ ಬಡಿತ ಜೋರಾಗಿದ್ದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಡಬ್ಬಿ ಬಿಸಾಡಬೇಡಿ, ಜೊತೆಗೆ ಒಯ್ಯಿರಿ. ಜಿಲ್ಲೆಯ ಔಷಧ ನಿಯಂತ್ರಣ ಕಚೇರಿಗೆ ದೂರು ಕೊಡುವಾಗಲೂ ಅದೇ ಸಾಕ್ಷಿ.